ಮಗುಚಿ ಹೊಲಿದ ಕಾಲರ್

ಟೈಲರಕ್ಕನ ಮುಂದಿನ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಂದು ಕಬ್ಬಿಣದ ಸರಳು ಹಾಕಿತ್ತು. ಅದರ ಮೇಲೆ ತೂಗುತ್ತಿದ್ದ ಬಟ್ಟೆಗಳಲ್ಲಿ ಪೂರ್ತಿಯಾದದ್ದು ಒಂದೂ ಇರಲಿಲ್ಲ. ಒಂದು ಅಂಗಿಗೆ ಗುಂಡಿಯಿಲ್ಲ, ಇನ್ನೊಂದಕ್ಕೆ ಜೇಬು ಅರ್ಧ ಕೂಡಿಸಿದೆ, ಮತ್ತೊಂದರ ತೋಳಿಗೆ ಬರೀ ಕಚ್ಚಾ ಹೊಲಿಗೆ. ಸೈನಿಕರ ಕ್ವಾರ್ಟರ್ಸಿನ ಶಾಲೆಗೆ ಪಾಠ ಹೇಳಲು ಬಂದ ಹೊಸದರಲ್ಲಿ ನಾನು ನನ್ನ ರವಿಕೆಯೊಂದನ್ನು ಬಿಗಿ ಮಾಡಿಸಲು ಅವಳ ಮನೆಗೆ ಹೋಗಿದ್ದೆ. ಈಕೆ ಒಪ್ಪಿಕೊಂಡ ಕೆಲಸ ಮುಗಿಸುವವಳಲ್ಲ ಎಂದು ಅಂದುಕೊಂಡು, ಹತ್ತಿರದಲ್ಲಿದ್ದ ಒಂದು ಕೋಟಿನ ತುದಿಯನ್ನು ಹಿಡಿದು ನೋಡಿದೆ.

"ಟೀಚರಮ್ಮಾ, ಅದನ್ನ ಮುಟ್ಟಬೇಡಿ. ಅವೆಲ್ಲ ಡ್ಯೂಟಿ ಮೇಲೆ ಹೋದೋರ ಬಟ್ಟೆ" ಎಂದಳು.

"ಹೋದೋರದ್ದಾ? ಹಾಗಾದ್ರೆ ಯಾವಾಗ ಹೊಲಿದು ಕೊಡ್ತೀರಿ?"

"ಬಂದ್ಮೇಲೆ."

ಒಳಗಿನ ಮಂಚದಿಂದ ಅವಳ ಅತ್ತೆಯ ದನಿ ಬಂತು. "ಬಂದೋಳ ಹತ್ರ ಒಗಟು ಹೇಳ್ಬೇಡ. ಸರಿಯಾಗಿ ಹೇಳು. ಇಲ್ದಿದ್ರೆ ಅವಳ ರವಿಕೆನೂ ಆ ಸರಳಿಗೇ ಅಂತ ಹೆದರ್ತಾಳೆ."

ಆ ಅತ್ತೆಯನ್ನು ಕ್ವಾರ್ಟರ್ಸಿನ ಇಡೀ ಸಾಲು ಅಜ್ಜಿ ಎಂದೇ ಕರೆಯುತ್ತಿತ್ತು. ಮೊಣಕಾಲು ನೋವಿನಿಂದ ಮಂಚ ಬಿಟ್ಟು ಅಷ್ಟಾಗಿ ಏಳುತ್ತಿರಲಿಲ್ಲ. ಆದರೆ ಅವಳ ನಾಲಿಗೆ ಸಾಲಿನ ಕೊನೆಯ ನಲ್ಲಿಯವರೆಗೆ ಓಡಾಡಿಕೊಂಡಿತ್ತು.

ಸರಳಿನ ಕತೆಯನ್ನು ನನಗೆ ಹೇಳಿದವಳು ಅಜ್ಜಿಯೇ. ಅದು ಶುರುವಾದದ್ದು ಅವಳ ಮಗನಿಂದ, ಅಂದರೆ ಟೈಲರಕ್ಕನ ಗಂಡನಿಂದ. ಅವನು ದಳದ ವಾಹನಗಳ ಮೆಕ್ಯಾನಿಕ್. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸು. ಅವನಿಗೊಂದು ನೀಲಿ ಅಂಗಿ ಇತ್ತು. ಮದುವೆಯಾದ ಹೊಸದರಲ್ಲಿ ಅದರ ಕಾಲರ್ ಸವೆದು ನೂಲು ಎದ್ದಿತ್ತು. ಅಂಗಿ ಎಸೆಯಲು ಮನಸ್ಸಿಲ್ಲದ ಅಕ್ಕ ಕಾಲರನ್ನು ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವ ಹಾಗೆ ಮಗುಚಿ, ಇನ್ನೇನು ಹೊಲಿಯಬೇಕು ಎನ್ನುವಾಗ ಅವನಿಗೆ ಕರೆ ಬಂತು. "ಸ್ವಲ್ಪ ತಡೀರಿ, ಒಂದೇ ಸಾಲು ಹೊಲಿಗೆ" ಎಂದಳು. "ಇರಲಿ ಬಿಡೆ, ಬಂದು ಹಾಕ್ಕೋತೀನಿ" ಎಂದು ಅವನು ಹೊರಟುಹೋದ. ಬಂದು ಹಾಕಿಕೊಂಡ ಕೂಡ. ಅಂದಿನಿಂದ ಅವನು ಹೊರಡುವಾಗೆಲ್ಲ ಆ ಅಂಗಿಯ ಕಾಲರ್ ಬಿಚ್ಚಿಡುವುದು, ಬಂದ ಮೇಲೆ ಕೂಡಿಸುವುದು ನಡೆಯಿತು. ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು ಕುತ್ತಿಗೆಯ ಸುತ್ತ ಬಟ್ಟೆ ಸೂಜಿಯ ತೂತುಗಳಿಂದ ಜಾಳಾಗಿತ್ತು.

ಇದನ್ನು ನೋಡಿ ಅವನ ಜೊತೆಯವರೂ ಒಬ್ಬೊಬ್ಬರಾಗಿ ತಮ್ಮ ಒಂದೊಂದು ಬಟ್ಟೆ ತಂದಿಟ್ಟು ಹೋಗತೊಡಗಿದರು. ಮೊದಮೊದಲು ತಮಾಷೆಗೆ. ಆಮೇಲೆ ಹೆಂಡತಿಯರ ಒತ್ತಾಯಕ್ಕೆ. ಆಮೇಲೆ ತಂದಿಡದೆ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಆ ಸರಳಿನ ಮೇಲೆ ಬಟ್ಟೆ ಬಿಟ್ಟು ಹೋದವರಲ್ಲಿ ಹಿಂದಿರುಗದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಲ್ಲಿಯವರೆಗೆ ಅವರನ್ನು ಅಂಥ ಕಷ್ಟದ ಜಾಗಕ್ಕೆ ಕಳಿಸಿಯೂ ಇರಲಿಲ್ಲ. ಆದರೆ ಕಾದು ಕೂತವರಿಗೆ ಈ ಎರಡನೆಯ ಮಾತನ್ನು ಯಾರು ಹೇಳುತ್ತಾರೆ?

ನಾನು ಬಂದ ಮರುವರ್ಷ ದಳಕ್ಕೆ ಗಡಿಯ ಕಡೆ ಹೋಗುವ ಆದೇಶ ಬಂತು. ಸಾಲಿನ ಮನೆಗಳಲ್ಲಿ ಟ್ರಂಕುಗಳ ಸದ್ದೇ ಸದ್ದು. ಟೈಲರಕ್ಕನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆ ಮುಗಿದ ಮೇಲೆ ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಮಕ್ಕಳ ಪುಸ್ತಕ ತಿದ್ದುವುದು ರೂಢಿಯಾಗಿತ್ತು. ಹಾಗಾಗಿ ಪಕ್ಕದ ಮನೆಯ ಡ್ರೈವರ್ ಬಂದದ್ದನ್ನು ಕಣ್ಣಾರೆ ನೋಡಿದೆ.

ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅವನ ಹೆಂಡತಿ ಗುಬ್ಬಿ, ಹೆಸರಿಗೆ ತಕ್ಕ ಹಾಗೆ ಪುಟ್ಟ ದೇಹ, ಚುರುಕು ನಡೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನು ಬೂದುಬಣ್ಣದ ಹೊಸ ಪ್ಯಾಂಟೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದ.

"ಅಕ್ಕಾ, ಇದರ ಒಂದು ಕಾಲು ಮಡಚಿ ಹೊಲೀರಿ, ಇನ್ನೊಂದು ಹಾಗೇ ಬಿಡಿ."

"ಇದೇನೋ ಇದು, ಎಲ್ರೂ ಗುಂಡಿ ಬಿಟ್ಟು ಹೋಗ್ತಾರೆ, ನೀನು ಕಾಲು ಬಿಟ್ಟು ಹೋಗ್ತೀಯಾ?"

"ಒಂದು ಉದ್ದ ಒಂದು ಗಿಡ್ಡ ಇದ್ರೆ ಕುಂಟಿಕೊಂಡಾದ್ರೂ ಬಂದು ಸರಿ ಮಾಡಿಸ್ಕೋತೀನಿ, ಅದಕ್ಕೆ."

"ಶುಭ ನುಡಿಯೋಕೆ ಬರಲ್ವೇನೋ ನಿಂಗೆ!" ಎಂದು ಅಜ್ಜಿ ಮಂಚದಿಂದಲೇ ಗದರಿದಳು.

"ಅಜ್ಜಿ, ನಾನು ಹೋದ್ಮೇಲೆ ನಿಮಗೆ ಬೈಯೋಕೆ ಯಾರೂ ಸಿಗಲ್ಲ. ಈಗಲೇ ಎಲ್ಲಾ ಬೈದು ಮುಗಿಸಿಬಿಡಿ."

"ಬಾಕಿ ಇಟ್ಕೊಂಡಿರ್ತೀನಿ. ಬಂದು ಬೈಸ್ಕೋ."

ಗುಬ್ಬಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವನ ಪ್ಯಾಂಟಿನ ಬಲಗಾಲನ್ನು ಅಕ್ಕ ಅಲ್ಲೇ ಮಡಚಿ ಹೊಲಿದಳು. ಎಡಗಾಲಿನ ಬಟ್ಟೆ ಉದ್ದಕ್ಕೆ ಇಳಿಬಿದ್ದಂತೆ ಸರಳಿಗೆ ಹಾಕಿದಳು. ಅದರ ಪಕ್ಕದಲ್ಲೇ ಅವಳ ಗಂಡನ ನೀಲಿ ಅಂಗಿ, ಕಾಲರ್ ಬಿಚ್ಚಿಕೊಂಡು ತೂಗುತ್ತಿತ್ತು.

ಗಂಡಸರು ಹೋದ ಮೇಲೆ ಸಾಲಿನ ದಿನಚರಿಯೇ ಬದಲಾಯಿತು. ನಲ್ಲಿಯ ಹತ್ತಿರ ಜಗಳ ಕಡಿಮೆಯಾಯಿತು. ಯಾರ ಮನೆಗಾದರೂ ಫೋನು ಬಂದರೆ ಉಳಿದವರು ತಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಏನೆಂದು ವಿಚಾರಿಸುತ್ತಿರಲಿಲ್ಲ. ದಳದ ಕಚೇರಿಯ ಜೀಪು ಈ ರಸ್ತೆಗೆ ತಿರುಗಿದರೆ ಸಾಕು, ಪಾತ್ರೆ ತಿಕ್ಕುವ ಕೈಗಳು ನಿಲ್ಲುತ್ತಿದ್ದವು. ಜೀಪು ಬರುವುದು ಎರಡೇ ಕಾರಣಕ್ಕೆ ಎಂದು ಅಜ್ಜಿ ಹೇಳಿದ್ದಳು. ಒಂದು, ನೀರಿನ ಟ್ಯಾಂಕು ನೋಡಲು. ಇನ್ನೊಂದನ್ನು ಅವಳು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸಂಜೆ ಅತ್ತೆ ಸೊಸೆ ಇಬ್ಬರೂ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಅಜ್ಜಿಯ ತುಟಿಗಳು ಬಹಳ ಹೊತ್ತು ಅಲ್ಲಾಡುತ್ತಿದ್ದವು. ಅಕ್ಕನ ಬೇಡಿಕೆ ಚಿಕ್ಕದು. ಎಷ್ಟೋ ಕಾಲದ ನಂತರ ಅವಳೇ ಹೇಳಿದಳು. ದೇವರ ಹತ್ತಿರ ಅವಳು ಕೇಳುತ್ತಿದ್ದದ್ದು ಒಂದೇ ಮಾತು, 'ಆ ಜೀಪು ನನ್ನ ಬಾಗಿಲಿಗೆ ಬೇಡ.'

ಆ ನಡುವೆ ಶಾಲೆಯ ಮಕ್ಕಳ ಸಮವಸ್ತ್ರದ ಕೆಲಸ ಬಂತು. ಬೂದುಬಣ್ಣದ ಪ್ಯಾಂಟುಗಳು, ಎಲ್ಲದರ ಕಾಲೂ ಮಡಚಿ ಹೊಲಿಯಬೇಕು. ಒಂದು ಬಣ್ಣದ ದಾರ ಮಿಷನ್ನಿಗೆ ಹಾಕಿದ ಮೇಲೆ ಆ ಬಣ್ಣದ ಕೆಲಸವನ್ನೆಲ್ಲ ಒಟ್ಟಿಗೇ ಮುಗಿಸುವುದು ಅಕ್ಕನ ಪದ್ಧತಿ. ಎಲ್ಲ ಟೈಲರುಗಳ ಪದ್ಧತಿಯೂ ಅದೇ. ದಾರ ಬದಲಿಸುವಷ್ಟರಲ್ಲಿ ಕೈಯ ಓಟ ತಪ್ಪುತ್ತದೆ. ಆ ದಿನ ಗೋಡೆಯ ಮೂಲೆಯಲ್ಲಿ ತೇವ ಬಂದಿದೆಯೆಂದು ಅಜ್ಜಿ ಹೇಗೋ ಎದ್ದು, ಸರಳಿನ ಆ ತುದಿಯ ಬಟ್ಟೆಗಳನ್ನು ತೆಗೆದು ಕುರ್ಚಿಯ ಮೇಲೆ ಹಾಕಿದ್ದಳು. ಮಕ್ಕಳ ಪ್ಯಾಂಟುಗಳ ರಾಶಿಯೂ ಅದೇ ಕುರ್ಚಿಯ ಮೇಲಿತ್ತು. ಅಕ್ಕ ತಲೆ ಎತ್ತದೆ ಒಂದಾದ ಮೇಲೆ ಒಂದು ಎಳೆದುಕೊಂಡು, ಮಡಚಿ, ಒತ್ತಿ, ಮಿಷನ್ ಓಡಿಸುತ್ತಲೇ ಇದ್ದಳು. ಮುಗಿದ ಮೇಲೆ ಮಡಿಸಿಡುವಾಗ ಒಂದು ಪ್ಯಾಂಟು ಮಾತ್ರ ಮಡಿಸಿದಷ್ಟೂ ಉಳಿಯುತ್ತಿತ್ತು. ಯಾವ ಮಗುವಿನ ಕಾಲು ಇಷ್ಟು ಉದ್ದ ಎಂದು ಎತ್ತಿ ಹಿಡಿದಳು.

ರೇಡಿಯೋನ ಪ್ಯಾಂಟು. ಎರಡು ಕಾಲೂ ಸಮ.

ಬ್ಲೇಡು ತೆಗೆದುಕೊಂಡು ಬಿಚ್ಚಲು ಹೊರಟಳಂತೆ. ಅಷ್ಟರಲ್ಲಿ ಅಜ್ಜಿ ಊಟಕ್ಕೆ ಕರೆದಳು. ತಾನು ಓದಿದವಳಲ್ಲದಿದ್ದರೂ ಒಂದು ಹೊಲಿಗೆಗೆ ಹೆದರುವಷ್ಟು ಹುಚ್ಚಿಯಲ್ಲ ಎಂದು ತನಗೆ ತಾನೇ ನಗುತ್ತ, ನಾಳೆ ಬಿಚ್ಚಿದರಾಯಿತು ಎಂದು ಅದನ್ನು ಸರಳಿಗೆ ಹಾಕಿದಳು. ಮರುದಿನ ಗುಂಡಿಗಳ ಕೆಲಸ ಬಂತು, ಮರೆತಳು. ಅದರ ಮರುದಿನ ಬೆಳಿಗ್ಗೆ ಜೀಪು ಬಂತು.

ನಾನು ಶಾಲೆಗೆ ಹೊರಟಿದ್ದೆ. ಜೀಪು ಮೆಲ್ಲಗೆ, ಮನೆಗಳ ನಂಬರು ನೋಡಿಕೊಂಡು ಬರುತ್ತಿತ್ತು. ನೀರಿನ ಟ್ಯಾಂಕಿಗೆ ಬರುವವರು ನಂಬರು ನೋಡುವುದಿಲ್ಲ. ಅದು ಬಂದು ನಿಂತದ್ದು ಟೈಲರಕ್ಕನ ಬಾಗಿಲ ಎದುರು. ಇಸ್ತ್ರಿ ಮಾಡಿದ ಉಡುಪಿನ ಅಧಿಕಾರಿ ಇಳಿದರು, ಹಿಂದೆ ಕಚೇರಿಯ ಗುಮಾಸ್ತ. ಅಕ್ಕ ಹೊಸ್ತಿಲಲ್ಲಿ ಕತ್ತರಿ ಹಿಡಿದು ನಿಂತಿದ್ದಳು. ಅವರು ಅವಳ ಕಡೆ ಎರಡು ಹೆಜ್ಜೆ ಬಂದರು. ಗುಮಾಸ್ತ ಏನೋ ಪಿಸುಗುಟ್ಟಿದ. ಅಧಿಕಾರಿ ಟೋಪಿ ತೆಗೆದು ಕೇಳಿದರು.

"ಅಮ್ಮಾ, ಡ್ರೈವರ್ ಮನೆ ಇದೇನಾ?"

ಅಕ್ಕ ಕತ್ತರಿ ಹಿಡಿದ ಕೈಯಿಂದಲೇ ಪಕ್ಕದ ಬಾಗಿಲು ತೋರಿಸಿದಳು. ಅವಳ ಎದೆಯಿಂದ ಉಸಿರು ಹೊರಬಿದ್ದದ್ದು ರಸ್ತೆಯ ಈಚೆ ನಿಂತ ನನಗೂ ಕಂಡಿತು. ಮರುಕ್ಷಣ ಅವಳು ತಿರುಗಿ ಕೋಣೆಯೊಳಗಿನ ಸರಳಿನ ಕಡೆ ನೋಡಿದಳು. ಆಮೇಲೆ ಗುಬ್ಬಿಯ ಕೂಗು ಕೇಳಿಸಿತು.

ರೇಡಿಯೋನ ಲಾರಿ ದಾಟುತ್ತಿದ್ದಾಗ ಸೇತುವೆ ಸಿಡಿದಿತ್ತು. ಹಿಂದಿನ ವಾಹನದಲ್ಲಿದ್ದ ಅಕ್ಕನ ಗಂಡ ಬದುಕಿದ್ದ. ಅಷ್ಟನ್ನು ಮಾತ್ರ ಹೇಳಿ ಜೀಪು ಹೊರಟುಹೋಯಿತು. ದಳದ ಉಳಿದವರು ಇನ್ನೂ ಅಲ್ಲೇ ಇರಬೇಕಿತ್ತು, ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಗುಬ್ಬಿಯ ಮನೆಯಲ್ಲಿ ಹಗಲೆಲ್ಲ ಯಾರಾದರೂ ಇರುತ್ತಿದ್ದರು. ಅಕ್ಕನೂ ಗಂಜಿ ಕಾಯಿಸಿ ಒಯ್ಯುತ್ತಿದ್ದಳು, ಪಾತ್ರೆಯನ್ನು ಬಾಗಿಲಲ್ಲೇ ಕೊಟ್ಟು ಬರುತ್ತಿದ್ದಳು. ಒಳಗೆ ಹೋಗಿ ಕೂರುತ್ತಿರಲಿಲ್ಲ. ಅವಳ ಮಿಷನ್ನಿನ ಸದ್ದು ನಿಂತಿತು. ಸಂಜೆ ಅಜ್ಜಿ ಒಬ್ಬಳೇ ಕಣ್ಣು ಮುಚ್ಚಿ ಕೂರತೊಡಗಿದಳು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಅಜ್ಜಿ ಮಾತು ತೆಗೆದಳು.

"ಏನೇ, ಮಿಷನ್‌ಗೆ ಮೌನವ್ರತನಾ?"

"ಎಣ್ಣೆ ಹಾಕ್ಬೇಕು ಅತ್ತೆ."

"ಎಣ್ಣೆ ಡಬ್ಬಿ ನಿನ್ನ ಕಾಲ ಹತ್ರಾನೇ ಇದೆ. ದೇವರ ಮುಂದೆ ಕೂರೋಕೂ ಎಣ್ಣೆ ಹಾಕ್ಬೇಕೇನು?"

ಅಕ್ಕ ಒಮ್ಮೆಲೇ ಎಲ್ಲ ಹೇಳಿಬಿಟ್ಟಳು. ದಾರದ ವಿಷಯ, ರಾಶಿಯ ವಿಷಯ, ಬ್ಲೇಡು ಕೆಳಗಿಟ್ಟು ಊಟಕ್ಕೆ ಎದ್ದದ್ದು. "ಅವನೇ ಹೇಳಿದ್ದ ಅತ್ತೆ, ಒಂದು ಕಾಲು ಬಿಡಿ ಅಂತ. ನಾನೇ ಮುಗಿಸಿಬಿಟ್ಟೆ. ದೇವರ ಹತ್ರನೂ ಏನು ಕೇಳ್ತಿದ್ದೆ ಗೊತ್ತಾ? ನನ್ನ ಬಾಗಿಲಿಗೆ ಬೇಡ ಅಂತ. ಅಂದ್ರೆ ಯಾರ ಬಾಗಿಲಿಗೆ ಹೋಗಲಿ ಅಂತ ಕೇಳಿದ ಹಾಗಾಯ್ತು? ಪಕ್ಕದ ಬಾಗಿಲಿಗೆ ಹೋಯ್ತು. ಇನ್ನು ಯಾವ ಮುಖ ಇಟ್ಕೊಂಡು ಕೂರಲಿ?"

ಕುರ್ಚಿಯ ಮೇಲೆ ಬಟ್ಟೆ ಹಾಕಿದ್ದು ತಾನು ಎಂಬುದು ಅಜ್ಜಿಗೆ ಆಗ ಹೊಳೆದಿರಬೇಕು. ಮುಖ ಸಣ್ಣದಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳದೆ ಬೇರೊಂದನ್ನು ಹೇಳಿದಳು.

"ನಿನ್ನ ಮಾವನೂ ಇದೇ ಕೆಲಸದಲ್ಲಿದ್ದೋರು. ಕೊನೇ ಸಲ ಹೋದಾಗ ಅವರ ಬನಿಯನ್ ಒಗೀದೆ ಮಡಿಸಿಟ್ಟೆ. ಮೈ ವಾಸನೆ ಇರೋ ತನಕ ಏನೂ ಆಗಲ್ಲ ಅಂತ ನನ್ನ ಲೆಕ್ಕ. ಮುಟ್ಟಲಿಲ್ಲ, ಬಿಸಿಲಿಗೆ ಹಾಕಲಿಲ್ಲ, ಯಾರ ಕೈಗೂ ಕೊಡಲಿಲ್ಲ. ಒಂದು ತಪ್ಪೂ ಮಾಡಲಿಲ್ಲ ಕಣೆ ನಾನು. ಬಂದ್ರಾ?"

ಅಕ್ಕ ಬಗ್ಗಿ ಎಣ್ಣೆ ಡಬ್ಬಿ ಎತ್ತಿಕೊಂಡಳು.

"ನಿನ್ನ ಸೂಜಿಗೆ ಅಷ್ಟು ಶಕ್ತಿ ಇದ್ದಿದ್ರೆ ಇಷ್ಟು ದೊಡ್ಡ ಸೈನ್ಯ ಯಾಕೆ ಇಟ್ಕೋತಿದ್ರು? ನಿನ್ನೊಬ್ಬಳನ್ನ ಕೂರಿಸ್ತಿದ್ರು. ಹೋಗಿ ಆ ಹುಡುಗಿಗೆ ಹೇಳು. ಗಂಟಲಲ್ಲಿ ಇಟ್ಕೊಂಡ್ರೆ ಅದು ಗಂಟಾಗುತ್ತೆ."

ಹೇಳುವುದು ಅಜ್ಜಿ ಅಂದುಕೊಂಡಷ್ಟು ಸುಲಭವಿರಲಿಲ್ಲ. ಅಕ್ಕ ದಿನ ದೂಡಿದಳು. ಕೊನೆಗೆ ಗುಬ್ಬಿಯೇ ಬಂದಳು. ಗಂಡನಿಲ್ಲದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಅವಳು ಗಂಡನ ತಾಯಿ ಮತ್ತು ತಮ್ಮ ಇದ್ದ ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಳು.

"ಅಕ್ಕಾ, ಅವರ ಪ್ಯಾಂಟು ಕೊಡಿ. ಹೇಗಿದೆಯೋ ಹಾಗೇ ಕೊಡಿ, ಹೊಲಿಯೋದು ಬೇಡ. ಹಾಗೇ ಇಟ್ಕೋತೀನಿ."

ಅಕ್ಕ ಪ್ಯಾಂಟು ತೆಗೆದು ಅವಳ ಕೈಗಿಟ್ಟಳು. ಗುಬ್ಬಿಯ ಬೆರಳು ನೇರವಾಗಿ ಎಡಗಾಲಿಗೆ ಹೋಯಿತು. ತುದಿಯನ್ನು ಒಮ್ಮೆ ಸವರಿದಳು. ಮತ್ತೊಮ್ಮೆ ಸವರಿದಳು.

"ಯಾವಾಗ ಮುಗಿಸಿದ್ರಿ?"

"ಜೀಪು ಬರೋದಕ್ಕೆ ಮುಂಚೆ" ಎಂದಳು ಅಕ್ಕ. "ಮಕ್ಕಳ ಪ್ಯಾಂಟಿನ ಜೊತೆ ಸೇರ್ಕೊಂಡಿತ್ತು. ನೋಡ್ಲಿಲ್ಲ ನಾನು. ಆಮೇಲೆ ನೋಡ್ದೆ. ನೋಡಿದ್ಮೇಲೂ ಬಿಚ್ಚಲಿಲ್ಲ. ನಾಳೆ ಬಿಚ್ಚೋಣ ಅಂತ ಇಟ್ಟೆ."

ಗುಬ್ಬಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಯಾಕಕ್ಕಾ ಮುಗಿಸಿದ್ರಿ?" ಎಂದಳು. ಅದು ಪ್ರಶ್ನೆಯ ಹಾಗಿರಲಿಲ್ಲ. "ನಿಮ್ಮ ಗಂಡನ ಅಂಗಿ ಮಾತ್ರ ಜೋಪಾನವಾಗಿದೆ. ಅದು ರಾಶಿಗೆ ಸೇರಲಿಲ್ಲ, ಅಲ್ವಾ?"

ಪ್ಯಾಂಟನ್ನು ಎದೆಗೆ ಒತ್ತಿಕೊಂಡು ಹೊರಟುಹೋದಳು. ಪಕ್ಕದ ಬಾಗಿಲು ಮುಚ್ಚಿಕೊಂಡಿತು. ಅದರ ಮುಂದೆ ಅಕ್ಕ ಇಟ್ಟು ಬಂದ ಪಾತ್ರೆ ಹಾಗೇ ತಣ್ಣಗಾಗಿ ವಾಪಸು ಬಂತು. ನಲ್ಲಿಯ ಹತ್ತಿರ ವಿಷಯ ಹಬ್ಬಿತು. ತಮ್ಮ ಗಂಡಂದಿರ ಬಟ್ಟೆಯನ್ನು ಕೆಲವರು ಬಂದು ನೋಡಿ ಹೋದರು, ಗುಂಡಿ ಬಿಟ್ಟ ಕಡೆ ಈಗಲೂ ಗುಂಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು. ಒಬ್ಬಳು ತನ್ನದನ್ನು ಮಾತಾಡದೆ ತೆಗೆದುಕೊಂಡು ಹೋದಳು. ಅಕ್ಕ ಯಾರನ್ನೂ ತಡೆಯಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಗುಬ್ಬಿ ಮತ್ತೆ ಬಂದಳು. ಕೈಯಲ್ಲಿ ಅದೇ ಪ್ಯಾಂಟು. ಎಡಗಾಲು ಮತ್ತೆ ಉದ್ದಕ್ಕೆ ಇಳಿಬಿದ್ದಿತ್ತು. ಹೊಲಿಗೆಯನ್ನು ಒಂದೊಂದಾಗಿ ಕಿತ್ತ ಗುರುತು, ಅಲ್ಲಲ್ಲಿ ಬಟ್ಟೆಯೂ ಹಿಸಿದಿತ್ತು. ನೆಲದ ಮೇಲೆ ಕೂತಳು.

"ಬಿಚ್ಚಿದೆ ಅಕ್ಕಾ. ಆವತ್ತೇ ಹೋಗಿ ಬ್ಲೇಡು ಹಿಡಿದು ಎಲ್ಲಾ ಬಿಚ್ಚಿದೆ. ಮೊದಲಿನ ಹಾಗೇ ಮಾಡಿ ಗೂಟಕ್ಕೆ ಹಾಕಿ ಅದರ ಕೆಳಗೆ ಕೂತೆ. ಯಾರಾದ್ರೂ ಬಂದು ತಪ್ಪಾಯ್ತು, ಅದು ಬೇರೆ ಯಾವುದೋ ಡ್ರೈವರ್ ಅಂತಾರೇನೋ ಅಂತ." ಅವಳ ದನಿ ಅಲ್ಲಿಗೆ ಒಡೆಯಿತು. "ಬರಲಿಲ್ಲ."

ಅಕ್ಕ ಅವಳ ಪಕ್ಕದಲ್ಲಿ ಕೂತು ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅಷ್ಟು ದಿನ ಆಗದಿದ್ದ ಕೆಲಸ ಅದು. ಒಳಗಿನ ಮಂಚದಲ್ಲಿ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಬೆನ್ನು ಅಲುಗುತ್ತಿತ್ತು.

ಅತ್ತು ಮುಗಿದ ಮೇಲೆ ಗುಬ್ಬಿ ಮೂಗು ಒರೆಸಿಕೊಂಡು ಹೇಳಿದಳು, "ಹೊಲಿದುಕೊಡಿ. ಅವರ ತಮ್ಮನೂ ಅಷ್ಟೇ ಎತ್ತರ. ಅವನು ಹಾಕ್ಕೊಳ್ಳಲಿ. ಗೂಟಕ್ಕೆ ತೂಗಿ ಹಾಕಿದ್ರೆ ನಾನು ಅದರ ಕೆಳಗೇ ಕೂತುಬಿಡ್ತೀನಿ."

ಅಕ್ಕ ಮಿಷನ್ನಿಗೆ ಬೂದು ದಾರ ಹಾಕಿದಳು. ಹಿಸಿದ ಕಡೆ ಒಳಗಿನಿಂದ ಒಂದು ಪಟ್ಟಿ ಕೊಟ್ಟು, ಕಾಲನ್ನು ಮಡಚಿ ಹೊಲಿದಳು. ಬಟ್ಟೆಯ ಇನ್ನೊಂದು ತುದಿಯನ್ನು ಗುಬ್ಬಿ ಹಿಡಿದುಕೊಂಡಿದ್ದಳು. ಎರಡೂ ಕಾಲನ್ನು ಜೋಡಿಸಿ ನೋಡಿ, ಇಸ್ತ್ರಿ ಹಾಕಿ, ಮಡಿಸಿ ಕೊಟ್ಟಳು. ಆಮೇಲೆ ಎದ್ದು ಸರಳಿನ ಹತ್ತಿರ ಹೋಗಿ ನೀಲಿ ಅಂಗಿ ತೆಗೆದಳು. ಬೂದು ದಾರ ತೆಗೆದು ನೀಲಿ ದಾರದ ಉಂಡೆ ಹುಡುಕತೊಡಗಿದಳು.

ಗುಬ್ಬಿ ಧಡಕ್ಕನೆ ಎದ್ದು ಅವಳ ಮಣಿಕಟ್ಟು ಹಿಡಿದಳು.

"ಬೇಡ ಅಕ್ಕಾ. ಅಣ್ಣ ಇನ್ನೂ ಅಲ್ಲೇ ಇದ್ದಾರೆ. ನಾನು ಆವತ್ತು ಕೋಪದಲ್ಲಿ ಅಂದೆ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ."

"ಕೈ ಬಿಡೇ."

"ಇಷ್ಟು ದಿನ ಇಟ್ಟಿದ್ದೀರಿ, ಅವರು ಬರೋ ತನಕ ಇಡೋದಕ್ಕೇನು?"

"ಇದನ್ನ ಹಾಗೇ ಇಟ್ರೆ ನಿನ್ನ ಗಂಡನ್ನ ಕೊಂದಿದ್ದು ನಾನೇ ಅಂತಾಗುತ್ತೆ" ಎಂದಳು ಅಕ್ಕ. "ಒಂದೋ ನನ್ನ ದಾರಕ್ಕೆ ಆ ಶಕ್ತಿ ಇದೆ, ಇಲ್ಲಾ ಇಲ್ಲ. ಇದೆ ಅಂದ್ರೆ ನಾನು ನಿನ್ನ ಮುಖ ನೋಡೋ ಹಾಗಿಲ್ಲ. ಇಲ್ಲ ಅಂದ್ರೆ ಈ ಅಂಗಿ ಯಾಕೆ ಹೀಗೆ ನೇತಾಡಬೇಕು? ನಿನಗೊಂದು ನ್ಯಾಯ, ನನಗೊಂದು ನ್ಯಾಯ ಇರಬಾರದು ಗುಬ್ಬಿ."

ಹಾಗೆ ಹೇಳಿ ದಾರದ ತುದಿಯನ್ನು ನಾಲಿಗೆಗೆ ಹಚ್ಚಿ ಸೂಜಿಯ ಕಣ್ಣಿಗೆ ಹಿಡಿದಳು, ಹೋಗಲಿಲ್ಲ. ಇನ್ನೊಮ್ಮೆ ಹಿಡಿದಳು, ಹೋಗಲಿಲ್ಲ. ನಾನು ನನ್ನ ಸ್ಟೂಲಿನಿಂದ ಏಳಲು ಹೊರಟೆ. ಅಷ್ಟರಲ್ಲಿ ಗುಬ್ಬಿ ಅವಳ ಕೈಯಿಂದ ದಾರ ತೆಗೆದುಕೊಂಡು, ಬಗ್ಗಿ, ಒಂದೇ ಸಲಕ್ಕೆ ಪೋಣಿಸಿದಳು. ಪಕ್ಕಕ್ಕೆ ಸರಿದು ನಿಂತಳು.

ಕಾಲರಿನ ಸುತ್ತ ಜಾಳಾಗಿದ್ದ ಬಟ್ಟೆಗೆ ಹೊಸ ಪಟ್ಟಿ ಕೊಟ್ಟು, ಅಕ್ಕ ಅದನ್ನು ಕೂಡಿಸಿದಳು. ಒಂದು ಸಾಲು ಸಾಕಿತ್ತು. ಮತ್ತೆ ಬಿಚ್ಚುವ ಆಸೆ ಬರಬಾರದೆಂದು ಅದರ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸಿದಳು. ದಾರವನ್ನು ಹಲ್ಲಿನಿಂದ ಕಡಿದು, ಅಂಗಿಯನ್ನು ಮಡಿಸಿ, ಸರಳಿಗೆ ಹಾಕದೆ ಪೆಟ್ಟಿಗೆಯಲ್ಲಿಟ್ಟಳು. ಒಳಗಿನಿಂದ ಅಜ್ಜಿ ಕೇಳಿದಳು, "ಮುಗೀತಾ?"

"ಮುಗೀತು ಅತ್ತೆ."

"ಹಾಗಾದ್ರೆ ಬಾ, ಇಬ್ರೂ ಬನ್ನಿ. ಕೂತ್ಕೊಳ್ಳೋ ಹೊತ್ತಾಯ್ತು."

ಆ ಸಂಜೆ ಮೂವರೂ ಒಟ್ಟಿಗೆ ಕಣ್ಣು ಮುಚ್ಚಿ ಕೂತರು. ಮರುದಿನ ಗುಬ್ಬಿ ಟೆಂಪೋ ಹತ್ತಿದಳು. ಅಜ್ಜಿ ರಸ್ತೆಯ ತನಕ ಗೋಡೆ ಹಿಡಿದುಕೊಂಡು ಬಂದು, "ಅವನಿಗೆ ಬೈಯೋದು ಬಾಕಿ ಉಳ್ಕೊಂಡ್ತಲ್ಲೇ" ಎಂದು ಅತ್ತಳು.

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಅಕ್ಕನಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮೊದಲಾದರೆ ಭಯವಾದಾಗ ಬಿಚ್ಚಿದ ಕಾಲರನ್ನು ಒಮ್ಮೆ ಮುಟ್ಟಿ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಈಗ ಪೆಟ್ಟಿಗೆಯ ಮುಚ್ಚಳ ತೆಗೆದು ಹಾಗೇ ಮುಚ್ಚುತ್ತಿದ್ದಳು. ಎಷ್ಟೋ ಸಲ ಬ್ಲೇಡು ಕೈಗೆ ಬಂದಿತ್ತು ಎಂದು ಅವಳೇ ನನಗೆ ಹೇಳಿದ್ದಾಳೆ. ಸಣ್ಣಗಾದಳು. ಮಿಷನ್ ತುಳಿಯುತ್ತ ತುಳಿಯುತ್ತ ನಿಲ್ಲಿಸಿ, ರಸ್ತೆಯ ಸದ್ದಿಗೆ ಕಿವಿ ಕೊಡುವಳು. ಜೀಪು ಮತ್ತೆ ಬಂತು, ಸಾಲಿನ ಆ ತುದಿಯ ಒಂದು ಮನೆಗೆ. ಆ ಮನೆಯವನ ಅಂಗಿ ಸರಳಿನ ಮೇಲೆ ಗುಂಡಿಯಿಲ್ಲದೆಯೇ ಇತ್ತು. ಆ ದಿನ ಎಲ್ಲರಿಗಿಂತ ಮೊದಲು ಆ ಬಾಗಿಲು ತಲುಪಿದವಳು ಅಕ್ಕ. ಈ ಸಲ ಪಾತ್ರೆಯನ್ನು ಹೊಸ್ತಿಲಲ್ಲಿ ಕೊಟ್ಟು ಬರಲಿಲ್ಲ. ಒಳಗೆ ಹೋಗಿ ಕೂತಳು.

ಸಂಜೆಯ ಬೇಡಿಕೆಯೂ ಬದಲಾಗಿತ್ತು. ಏನು ಕೇಳುತ್ತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಯಾರ ಬಾಗಿಲಿಗೆ ಬೇಡ ಅಂತ ಹೇಳೋಕೆ ನಾನ್ಯಾರು ಟೀಚರಮ್ಮಾ? ಯಾವ ಬಾಗಿಲಿಗೆ ಬಂದ್ರೂ ನನ್ನ ಕಾಲಲ್ಲಿ ಅಲ್ಲಿಗೆ ಹೋಗೋ ಶಕ್ತಿ ಇರಲಿ ಅಂತೀನಿ. ಅದು ನನ್ನ ಬಾಗಿಲೇ ಆದ್ರೂ" ಎಂದಳು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಗಂಡ ಬಂದ. ಬಸ್ಸಿಳಿದು ನಡೆದು ಬಂದವನನ್ನು ಅಜ್ಜಿ ಮೊದಲು ಗುರುತಿಸಲಿಲ್ಲ. ಅಷ್ಟು ಇಳಿದುಹೋಗಿದ್ದ. ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಯಾರಾದರೂ ಪಾತ್ರೆ ಬೀಳಿಸಿದರೆ ಎದ್ದು ನಿಲ್ಲುತ್ತಿದ್ದ. ಮೊದಲೇ ಕಡಿಮೆಯಿದ್ದ ಮಾತು ಈಗ ಹೆಚ್ಚುಕಡಿಮೆ ನಿಂತೇಹೋಗಿತ್ತು. ಬಂದವನು ಸರಳಿನ ಮೇಲೆ ಕಣ್ಣಾಡಿಸಿ ಕೇಳಿದ್ದು ಒಂದೇ.

"ನನ್ನ ಅಂಗಿ ಎಲ್ಲಿ?"

ಅಕ್ಕ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಅವನು ಕಾಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಯಾವಾಗ ಮುಗಿಸಿದೆ?"

"ನೀವು ಅಲ್ಲಿದ್ದಾಗಲೇ."

"ಅಲ್ಲಿ ನಾನು ಇದನ್ನೇ ನೆನೆಸ್ಕೊಂಡು ಇದ್ದೆ ಕಣೆ" ಎಂದ. "ಅಂಗಿ ಹಾಗೇ ಇದೆ, ನಂಗೇನೂ ಆಗಲ್ಲ ಅಂತ."

"ಗೊತ್ತು ರೀ."

ಯಾಕೆ ಮುಗಿಸಿದೆ ಎಂದು ಅವನು ಕೇಳಲಿಲ್ಲ. ಅಕ್ಕನೇ ಹೇಳಿದಳು. ಕೇಳುತ್ತ ಕೇಳುತ್ತ ಅವನು ಅಂಗಿಯಿಂದ ಮುಖ ಮುಚ್ಚಿಕೊಂಡ. ಸೇತುವೆ ಸಿಡಿದ ಮೇಲೆ ಅವನು ಮೊದಲು ಅತ್ತದ್ದು ಆಗಲೇ ಇರಬೇಕು ಎಂದು ಅಕ್ಕ ಹೇಳುತ್ತಾಳೆ.

ರಜೆ ಮುಗಿಯುವ ಮೊದಲು ಇಬ್ಬರೂ ಗುಬ್ಬಿಯನ್ನು ನೋಡಲು ಹೋದರು; ಅಲ್ಲಿ ನಡೆದದ್ದನ್ನು ಅಕ್ಕ ಬಂದ ಮೇಲೆ ನನಗೆ ಹೇಳಿದಳು. ರೇಡಿಯೋನ ತಾಯಿಗೆ ಮಗನ ಕೊನೆಯ ದಿನಗಳನ್ನು ಹೇಳಬೇಕೆಂದು ಅವನೇ ಹೊರಟಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕನಿಗೆ ಒಂದೇ ಚಿಂತೆ. ಗಂಡ ಆ ನೀಲಿ ಅಂಗಿಯನ್ನೇ ಹಾಕಿಕೊಂಡಿದ್ದ. ಬೇರೆ ಹಾಕಿಕೊಳ್ಳಿ ಎಂದರೆ ಕೇಳಿರಲಿಲ್ಲ. ಜೀವಂತ ಗಂಡನನ್ನು, ಅದೂ ಆ ಅಂಗಿಯಲ್ಲಿ, ಆ ಹುಡುಗಿಯ ಮುಂದೆ ಹೇಗೆ ನಿಲ್ಲಿಸುವುದು?

ಗುಬ್ಬಿ ಬಾಗಿಲು ತೆರೆದಳು. ಅಂಗಳದಲ್ಲಿ ಅವಳ ಮೈದುನ ಸೈಕಲ್ ಒರೆಸುತ್ತಿದ್ದ. ಬೂದು ಪ್ಯಾಂಟು ಅವನಿಗೆ ಸರಿಯಾಗಿ ಹಿಡಿಸಿತ್ತು. ಗುಬ್ಬಿ ಅಕ್ಕನನ್ನು ನೋಡಿದಳು, ಆಮೇಲೆ ಅವಳ ಹಿಂದೆ ನಿಂತವನನ್ನು ನೋಡಿದಳು. ಅವನು ಏನೋ ಹೇಳಲು ಹೋಗಿ, ಆಗದೆ, ತಲೆ ತಗ್ಗಿಸಿದ. ತಗ್ಗಿಸಿದ್ದರಿಂದ ಕುತ್ತಿಗೆಯ ಹಿಂಭಾಗ ಅವಳ ಕಣ್ಣಿಗೆ ಸರಿಯಾಗಿ ಬಿತ್ತು. ಅವಳು ಮುಂದೆ ಬಂದು, ತುದಿಗಾಲ ಮೇಲೆ ನಿಂತು, ಆ ಎರಡು ಸಾಲು ಹೊಲಿಗೆಯ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಕಾಲರ್ ಚೆನ್ನಾಗಿ ಕೂತಿದೆ ಅಣ್ಣಾ" ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, "ಬನ್ನಿ, ಒಳಗೆ ಬನ್ನಿ" ಎಂದು ಬಾಗಿಲು ಪೂರ್ತಿ ತೆರೆದಳು.